ಹೊಸ ಬ್ಯಾಟರಿ ಹಾಕಿದ್ರೂ ಬೆಳಿಗ್ಗೆ ಸೆಲ್ಫ್ ಎತ್ತಲ್ಲ, ಕೆಂಪು ಲೈಟು ಮಂದವಾಗಿ ಉರಿಯತ್ತೆ. ಆಲ್ಟರ್ನೇಟರ್ ಹೋಗಿದ್ಯಾ?

ಹಳೇಕಾರು:
ಎಲ್ರಿಗೂ ನಮಸ್ಕಾರ. ನಂದು ಕಾರ್ಬ್ಯುರೇಟರ್ ಇರೋ ಹಳೇ ಪೆಟ್ರೋಲ್ ಕಾರು. ಬ್ಯಾಟರಿ ವೀಕ್ ಆಗಿದೆ ಅಂದ್ರು, ಹೊಸದು ಹಾಕಿಸ್ದೆ, ಸ್ವಲ್ಪ ದಿನ ಚೆನ್ನಾಗೇ ಇತ್ತು, ಈಗ ಮತ್ತೆ ಅದೇ ಗೋಳು, ಬೆಳಿಗ್ಗೆ ಕೀ ತಿರುಗಿಸಿದ್ರೆ ಟಕ್ ಟಕ್ ಅಂದು ಸುಮ್ನಾಗತ್ತೆ, ತಳ್ಳಿಯೇ ಸ್ಟಾರ್ಟ್ ಮಾಡ್ಬೇಕು. ಜೊತೆಗೆ ಡ್ಯಾಶ್‌ಬೋರ್ಡಲ್ಲಿ ಬ್ಯಾಟರಿ ಚಿತ್ರದ ಕೆಂಪು ಲೈಟು ಪೂರ್ತಿ ಆರಲ್ಲ. ಹಗಲು ಗೊತ್ತೇ ಆಗಲ್ಲ, ರಾತ್ರಿ ಹೆಡ್‌ಲೈಟು, ವೈಪರ್ರು, ಬ್ಲೋವರ್ರು ಎಲ್ಲಾ ಹಾಕಿದಾಗ ಮಂದವಾಗಿ ಕಾಣತ್ತೆ, ಒಂದೊಂದೇ ಆಫ್ ಮಾಡ್ತಾ ಬಂದ್ರೆ ಅದೂ ಕಮ್ಮಿ ಆಗ್ತಾ ಬರತ್ತೆ. ಈಗ ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡೋ ಆಲ್ಟರ್ನೇಟರ್ರೇ ಬದಲಾಯಿಸಿ ಅಂತಿದಾರೆ. ಸುಮ್ನೆ ಒಂದೊಂದೇ ಪಾರ್ಟ್ ಬದಲಾಯಿಸ್ತಾ ಹೋಗೋಕೆ ಇಷ್ಟ ಇಲ್ಲ. ಮಲ್ಟಿಮೀಟರ್ ಇದೆ, ಎಲ್ಲಿಂದ ಶುರು ಮಾಡ್ಲಿ?

ಪಾನಾ:
ಇದಕ್ಕೆ ಮೀಟರ್ ಯಾಕೆ ಬ್ರೋ, ಗಾಡಿ ಸ್ಟಾರ್ಟಲ್ಲಿ ಇರುವಾಗ್ಲೇ ಬ್ಯಾಟರಿ ಟರ್ಮಿನಲ್ ಒಂದು ಬಿಚ್ಚಿ ನೋಡಿ. ಇಂಜಿನ್ ಆಫ್ ಆದ್ರೆ ಆಲ್ಟರ್ನೇಟರ್ ಹೋಗಿದೆ, ಓಡ್ತಾ ಇದ್ರೆ ಸರಿ ಇದೆ. ಹಳಬರೆಲ್ಲಾ ಹೀಗೇ ನೋಡ್ತಿದ್ದಿದ್ದು.

ಹದಿನಾಲ್ಕು ವೋಲ್ಟ್:
ದಯವಿಟ್ಟು ಅದನ್ನ ಮಾತ್ರ ಮಾಡ್ಬೇಡಿ. ಆಲ್ಟರ್ನೇಟರ್ ಬರೋಕೆ ಮುಂಚೆ ಡೈನಮೋ ಇದ್ದ ಕಾಲದ ಅಭ್ಯಾಸ ಅದು. ಆಲ್ಟರ್ನೇಟರ್ ಕರೆಂಟ್ ಕೊಡ್ತಿರುವಾಗ ಬ್ಯಾಟರಿ ತಪ್ಪಿಸಿದ್ರೆ ವೋಲ್ಟೇಜ್ ಆ ಕ್ಷಣಕ್ಕೆ ಹತ್ತಾರು ವೋಲ್ಟ್ ಮೇಲೆ ಹಾರತ್ತೆ, ವೋಲ್ಟೇಜ್ ಹಿಡಿತದಲ್ಲಿಡೋ ರೆಗ್ಯುಲೇಟರ್ರು, ಕರೆಂಟನ್ನ ಒಂದೇ ದಿಕ್ಕಿಗೆ ಬಿಡೋ ಡಯೋಡು, ಸ್ಟೀರಿಯೋ ಯಾವುದು ಬೇಕಾದ್ರೂ ಸುಟ್ಟು ಹೋಗ್ಬಹುದು. ಚಾರ್ಜ್ ಆಗ್ತಿರೋ ಬ್ಯಾಟರಿಯಿಂದ ಹೈಡ್ರೋಜನ್ ಬೇರೆ ಬರ್ತಿರತ್ತೆ, ಅದರ ಪಕ್ಕದಲ್ಲೇ ಕಿಡಿ ಹಾರಿಸೋದು ಪ್ರಾಣಕ್ಕೇ ಅಪಾಯ.

ಹಳೇಕಾರು ಅವ್ರೇ, ಮೊದ್ಲು ಬ್ಯಾಟರೀನ ಹೊರಗಿನ ಚಾರ್ಜರಲ್ಲಿ ಫುಲ್ ಮಾಡಿ, ಖಾಲಿ ಬ್ಯಾಟರಿ ಇಟ್ಕೊಂಡು ತೆಗೆದ ರೀಡಿಂಗ್ ನಂಬೋ ಹಾಗಿಲ್ಲ. ಒಂದು ರಾತ್ರಿ ಬಿಟ್ಟು ನೋಡಿದ್ರೆ 12.6 ವೋಲ್ಟ್ ಆಸುಪಾಸು ಇರ್ಬೇಕು, 12.2 ಅಂದ್ರೆ ಹೆಚ್ಚುಕಮ್ಮಿ ಅರ್ಧ ಖಾಲಿ. ಆಮೇಲೆ ಸ್ಟಾರ್ಟ್ ಮಾಡಿ, ಸ್ವಲ್ಪ ರೈಸ್ ಕೊಟ್ಟು, ಹೆಡ್‌ಲೈಟ್ ಬ್ಲೋವರ್ ಹಾಕಿ ನೋಡಿ, ಬ್ಯಾಟರಿ ಮೇಲೆ 13.8ರಿಂದ 14.5ರ ಒಳಗೆ ಬರ್ಬೇಕು. 15 ದಾಟ್ತಿದ್ರೆ ರೆಗ್ಯುಲೇಟರ್ ಹೋಗಿದೆ, ಬ್ಯಾಟರಿ ನೀರು ಕುದ್ದು ಒಣಗತ್ತೆ.

ಆದ್ರೆ ನಿಮ್ಮ ಕೇಸಲ್ಲಿ ನಂಗೆ ಮುಖ್ಯ ಅನ್ಸಿದ್ದು ಆ ಕೆಂಪು ಲೈಟು. ಇಂಥ ಹಳೇ ಕಾರುಗಳಲ್ಲಿ ಸಾಮಾನ್ಯವಾಗಿ ಆ ಬಲ್ಬಿನ ಒಂದು ಕಡೆ ಇಗ್ನಿಷನ್ ಸ್ವಿಚ್ ಮೂಲಕ ಬ್ಯಾಟರಿಗೆ, ಇನ್ನೊಂದು ಕಡೆ ಆಲ್ಟರ್ನೇಟರ್‌ಗೆ ಹೋಗಿರತ್ತೆ. ಎರಡೂ ಕಡೆ ಒಂದೇ ವೋಲ್ಟೇಜ್ ಇದ್ರೆ ಬಲ್ಬಲ್ಲಿ ಕರೆಂಟ್ ಹರಿಯಲ್ಲ, ಆರಿಹೋಗತ್ತೆ. ಮಂದವಾಗಿ ಉರೀತಿದೆ, ಲೋಡ್, ಅಂದ್ರೆ ಹೆಡ್‌ಲೈಟ್ ಬ್ಲೋವರ್ ಎಳೆಯೋ ಕರೆಂಟ್, ಜಾಸ್ತಿ ಆದಷ್ಟೂ ಜಾಸ್ತಿ ಆಗ್ತಿದೆ ಅಂದ್ರೆ ಎರಡೂ ಕಡೆಗೆ ವ್ಯತ್ಯಾಸ ಬರ್ತಿದೆ. ಅದಕ್ಕೆ ಕಾರಣ ಆಲ್ಟರ್ನೇಟರ್ ಒಳಗಿನ ಡಯೋಡ್ ಆಗಿರ್ಬಹುದು, ಇಗ್ನಿಷನ್ ಸ್ವಿಚ್ಚಿನ ಕಾಂಟ್ಯಾಕ್ಟ್ ಆಗಿರ್ಬಹುದು, ಇಲ್ಲಾ ಆಲ್ಟರ್ನೇಟರಿಂದ ಬ್ಯಾಟರಿಗೆ ಬರೋ ದಪ್ಪ ವೈರೇ ಆಗಿರ್ಬಹುದು. ಹೊಸ ಆಲ್ಟರ್ನೇಟರ್ ಹಾಕಿದ್ರೆ ಮೊದಲನೇದು ಮಾತ್ರ ಸರಿ ಹೋಗತ್ತೆ.

ಅದಕ್ಕೇ ಹೀಗೆ ಮಾಡಿ. ಲೋಡ್ ಹಾಕಿ ಇಂಜಿನ್ ಓಡ್ತಿರುವಾಗ ಮೀಟರಿನ ಒಂದು ಮೊನೆ ಆಲ್ಟರ್ನೇಟರ್ ಹಿಂದಿನ ದಪ್ಪ ಬೋಲ್ಟಿಗೆ, ಇನ್ನೊಂದು ಬ್ಯಾಟರಿಯ ಪ್ಲಸ್ ಪೋಸ್ಟಿಗೆ ಇಡಿ, ಕ್ಲಾಂಪಿಗಲ್ಲ, ಸೀಸದ ಪೋಸ್ಟಿಗೇ. 0.3 ವೋಲ್ಟಿಗಿಂತ ಕಮ್ಮಿ ಬರ್ಬೇಕು. ಹಾಗೇ ಆಲ್ಟರ್ನೇಟರ್ ಬಾಡಿಯಿಂದ ಮೈನಸ್ ಪೋಸ್ಟಿಗೂ ನೋಡಿ, ಅಲ್ಲಿ 0.2 ಒಳಗೆ. ಕೈ, ಬಟ್ಟೆ, ಮೀಟರ್ ವೈರು ಬೆಲ್ಟಿಂದ ದೂರ ಇರ್ಲಿ.

ರಾತ್ರಿಪಾಳಿ:
ಮೇಲಿನವ್ರು ಹೇಳಿದ್ದು ಸರಿ. ಅದರ ಜೊತೆ ಬೆಲ್ಟ್ ಒತ್ತಿ ನೋಡಿ, ಸಡಿಲ ಆಗಿದ್ರೆ ಅಥವಾ ಒಳಮೈ ಕನ್ನಡಿ ಥರ ಹೊಳೀತಿದ್ರೆ ಲೋಡಲ್ಲಿ ಜಾರತ್ತೆ. ರಾತ್ರಿ ಕರೆಂಟ್ ಸೋರ್ತಿದ್ಯಾ ಅನ್ನೋದೂ ಗೊತ್ತಾಗ್ಲಿ: ಎಲ್ಲಾ ಆಫ್ ಮಾಡಿ, ಮೈನಸ್ ಕೇಬಲ್ ಬಿಚ್ಚಿ, ಆ ಕೇಬಲ್ಲಿಗೂ ಮೈನಸ್ ಪೋಸ್ಟಿಗೂ ಮಧ್ಯೆ ಮೀಟರನ್ನ 10 ಆಂಪ್ ರೇಂಜಲ್ಲಿ ಸೇರಿಸಿ. 50 ಮಿಲಿ ಆಂಪ್ ಒಳಗಿದ್ರೆ ಚಿಂತೆ ಇಲ್ಲ. ಮೀಟರ್ ಸಿಕ್ಕಿಸಿದ ಮೇಲೆ ಸೆಲ್ಫ್ ಹೊಡೀಬೇಡಿ, ಮೀಟರ್ ಫ್ಯೂಸ್ ಹೋಗತ್ತೆ. ಜಾಸ್ತಿ ತೋರಿಸಿದ್ರೆ ಆಲ್ಟರ್ನೇಟರ್ ವೈರ್ ಬಿಚ್ಚಿ ಮತ್ತೆ ನೋಡಿ, ಡಯೋಡ್ ಶಾರ್ಟ್ ಆಗಿದ್ರೆ ಅದರ ಮೂಲಕವೇ ರಾತ್ರಿಯಿಡೀ ಬ್ಯಾಟರಿ ಖಾಲಿ ಆಗ್ತಿರತ್ತೆ.

ಹಳೇಕಾರು:
ತುಂಬಾ ಥ್ಯಾಂಕ್ಸ್, ಕೂತು ಎಲ್ಲಾ ನೋಡ್ದೆ. ಫುಲ್ ಚಾರ್ಜ್ ಮಾಡಿ ರಾತ್ರಿ ಬಿಟ್ಟಾಗ 12.6. ಸೋರಿಕೆ 20 ಮಿಲಿ ಆಂಪ್. ಬೆಲ್ಟ್ ಬಿಗಿಯಾಗಿದೆ. ಲೋಡ್ ಹಾಕಿದಾಗ ಬ್ಯಾಟರಿ ಮೇಲೆ 12.9, ಅದೇ ಹೊತ್ತಲ್ಲಿ ಆಲ್ಟರ್ನೇಟರ್ ಬೋಲ್ಟಿಂದ ಬ್ಯಾಟರಿ ಪ್ಲಸ್‌ಗೆ 1.2 ವೋಲ್ಟ್! ಮೈನಸ್ ಕಡೆ 0.1 ಅಷ್ಟೇ.

ಹದಿನಾಲ್ಕು ವೋಲ್ಟ್:
ಹಾಗಾದ್ರೆ ಸಿಕ್ತು. ಆಲ್ಟರ್ನೇಟರ್ 14ರ ಮೇಲೇ ಕೊಡ್ತಿದೆ, ದಾರೀಲಿ 1.2 ಹೋಗ್ತಿದೆ. 12.9ರಲ್ಲಿ ಬ್ಯಾಟರಿ ಯಾವತ್ತೂ ಫುಲ್ ಆಗಲ್ಲ, ಓಡಿಸಿದಷ್ಟೂ ಸ್ವಲ್ಪ ಸ್ವಲ್ಪ ಕಮ್ಮಿ ಆಗ್ತಾ ಒಂದು ಬೆಳಿಗ್ಗೆ ಕೈ ಕೊಡತ್ತೆ. ಈಗ ಒಂದು ಮೊನೆ ಬ್ಯಾಟರಿ ಪೋಸ್ಟಲ್ಲೇ ಇರ್ಲಿ, ಇನ್ನೊಂದನ್ನ ಜಾಯಿಂಟಿಂದ ಜಾಯಿಂಟಿಗೆ ಸರಿಸ್ತಾ ಬನ್ನಿ, ಎಲ್ಲಿ ರೀಡಿಂಗ್ ದಡಕ್ಕನೆ ಇಳಿಯತ್ತೋ ಅಲ್ಲೇ ತೊಂದ್ರೆ. ವೈರ್ ಬಿಚ್ಚೋಕೆ ಮುಂಚೆ ಬ್ಯಾಟರಿ ಮೈನಸ್ ತೆಗೀರಿ, ಆಲ್ಟರ್ನೇಟರ್ ಬೋಲ್ಟಲ್ಲಿ ಕೀ ಆಫ್ ಇದ್ರೂ ಕರೆಂಟ್ ಇರತ್ತೆ.

ಹಳೇಕಾರು:
ತೊಂದ್ರೆ ಆಲ್ಟರ್ನೇಟರ್ ತುದಿಯ ಲಗ್ಗಲ್ಲೇ, ಅಂದ್ರೆ ವೈರನ್ನ ಬೋಲ್ಟಿಗೆ ಸೇರಿಸೋ ಲೋಹದ ತುಂಡಲ್ಲೇ ಇತ್ತು. ಹೊರಗಿಂದ ನೋಡೋಕೆ ಏನೂ ಆಗಿಲ್ಲ, ರಬ್ಬರ್ ತೋಳು ಹಿಂದೆ ಸರಿಸಿದ್ರೆ ಒಳಗೆ ತಾಮ್ರದ ಎಳೆಗಳು ಕಪ್ಪಾಗಿ, ಹಸಿರು ಪುಡಿ ಕಟ್ಟಿ, ಅರ್ಧಕ್ಕರ್ಧ ತುಂಡಾಗಿದ್ವು, ಪಕ್ಕದ ಇನ್ಸುಲೇಷನ್ ಬಿಸಿಗೆ ಗಟ್ಟಿಯಾಗಿತ್ತು. ಒಂದು ಸೈಜ್ ದಪ್ಪ ವೈರ್ ಹಾಕಿ ಲಗ್ ಸರಿಯಾಗಿ ಒತ್ತಿ ಕ್ರಿಂಪ್ ಮಾಡಿಸ್ದೆ, ಮೊದ್ಲಿದ್ದ ಫ್ಯೂಸಿಬಲ್ ಲಿಂಕ್ (ಫ್ಯೂಸ್ ಥರ ಕರಗೋ ವೈರ್ ತುಂಡು) ಹಾಗೇ ಉಳಿಸ್ಕೊಂಡೆ. ಈಗ ಎಲ್ಲಾ ಲೋಡ್ ಹಾಕಿದ್ರೂ ಬ್ಯಾಟರಿ ಮೇಲೆ 14.0, ಲೈಟು ಪೂರ್ತಿ ಆರಿದೆ. ಆಲ್ಟರ್ನೇಟರ್ ಹಳೇದೇ.

ಪಾನಾ:
ಒಳ್ಳೇ ವಿಷ್ಯ ತಿಳೀತು. ನನ್ ಗಾಡೀಲಿ ಉಲ್ಟಾ, ಕೀ ಆನ್ ಮಾಡಿದಾಗ ಆ ಲೈಟ್ ಬರೋದೇ ಇಲ್ಲ, ಜೋರಾಗಿ ರೈಸ್ ಮಾಡಿದ್ಮೇಲೇ ಚಾರ್ಜ್ ಶುರು ಆಗತ್ತೆ. ಇದೂ ವೈರಾ?

ಹದಿನಾಲ್ಕು ವೋಲ್ಟ್:
ಮೊದ್ಲು ಆ ಬಲ್ಬ್ ನೋಡಿ. ಶುರುವಿನಲ್ಲಿ ಆಲ್ಟರ್ನೇಟರ್ ಒಳಗೆ ತಿರುಗೋ ಕಾಂತ, ಅಂದ್ರೆ ರೋಟರ್‌ಗೆ ಬೇಕಾದ ಸ್ವಲ್ಪ ಕರೆಂಟ್ ಆ ಬಲ್ಬ್ ಮೂಲಕವೇ ಹೋಗತ್ತೆ, ಬಲ್ಬ್ ಸುಟ್ಟಿದ್ರೆ ರೋಟರಲ್ಲಿ ಉಳಿದಿರೋ ಅಲ್ಪಸ್ವಲ್ಪ ಕಾಂತತ್ವದಿಂದಲೇ ಎದ್ದೇಳ್ಬೇಕು, ಅದಕ್ಕೇ ರೈಸ್ ಕೇಳತ್ತೆ. ಮೊದ್ಲಿದ್ದಷ್ಟೇ ವ್ಯಾಟಿನ ಬಲ್ಬ್ ಹಾಕಿ, ಎಲ್‌ಇಡಿ ಹಾಕಿದ್ರೆ ಅಷ್ಟು ಕರೆಂಟ್ ಬಿಡಲ್ಲ. ಬಲ್ಬ್ ಸರಿ ಇದ್ರೆ ಆ ಬಲ್ಬಿಂದ ಆಲ್ಟರ್ನೇಟರ್ ಹಿಂದಕ್ಕೆ ಬರೋ ಸಣ್ಣ ವೈರ್ ಬಿಚ್ಚಿ, ಕೀ ಆನ್ ಇಟ್ಟು ಬಾಡಿಗೆ ತಾಗಿಸಿ. ಲೈಟ್ ಬಂದ್ರೆ ವೈರಿಂಗ್ ಸರಿ ಇದೆ, ಒಳಗೆ ರೋಟರ್‌ಗೆ ಕರೆಂಟ್ ಮುಟ್ಟಿಸೋ ಕಾರ್ಬನ್ ಬ್ರಷ್ ಸವೆದಿದ್ಯಾ ನೋಡ್ಬೇಕು. ಬರ್ಲಿಲ್ಲ ಅಂದ್ರೆ ಆ ವೈರೇ ಎಲ್ಲೋ ಕಟ್ ಆಗಿದೆ.