ಪದಚರ್ಚೆ: ನೆನಪನ್ನು ‘ಹಿಂಪಡೆಯುವುದು’ ಸರಿಯೇ?

ಗೆಳೆಯರೇ,

ನೆನಪು ಮಿದುಳಿನಲ್ಲಿ ಹೇಗೆ ಮೂಡುತ್ತದೆ, ಬೇಕೆಂದಾಗ ಹೇಗೆ ಬರುತ್ತದೆ ಅನ್ನುವ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಎನ್‌ಕೋಡಿಂಗ್, ಕನ್ಸಾಲಿಡೇಶನ್, ರಿಟ್ರೀವಲ್ ಎಂಬ ಮೂರು ಪದ ಅದರಲ್ಲಿ ಮತ್ತೆ ಮತ್ತೆ ಬರುತ್ತವೆ. ಮೊದಲನೆಯದಕ್ಕೆ ‘ನೆನಪು ಅಚ್ಚಾಗುವುದು’ ಅಂತ ಹಾಕಿದ್ದೇನೆ, ಸದ್ಯಕ್ಕೆ ನಡೆಯುತ್ತದೆ. ಎರಡನೆಯದಕ್ಕೆ ‘ಗಟ್ಟಿಯಾಗುವುದು’. 1900ರಲ್ಲಿ ಮ್ಯೂಲರ್ ಮತ್ತು ಪಿಲ್ಜೆಕರ್ ಅನ್ನುವ ಜರ್ಮನ್ ವಿಜ್ಞಾನಿಗಳು ಈ ಮಾತನ್ನು ಬಳಕೆಗೆ ತಂದರು. ಒಂದನ್ನು ಕಲಿತ ಬೆನ್ನಿಗೇ ಇನ್ನೊಂದನ್ನು ಕಲಿತರೆ ಮೊದಲು ಕಲಿತದ್ದು ಕೆಡುತ್ತದೆ ಅಂತ ಅವರು ತೋರಿಸಿದ್ದರು. ಹಸಿ ಗಾರೆಯ ಮೇಲೆ ಕಾಲಿಟ್ಟ ಹಾಗೆ. ಆದ್ದರಿಂದ ‘ಗಟ್ಟಿಯಾಗು’ ಚೆನ್ನಾಗಿಯೇ ಕೂರುತ್ತದೆ.

ತೊಂದರೆ ಇರುವುದು ಮೂರನೆಯದರಲ್ಲಿ, ಅಂದರೆ ಇರುವ ನೆನಪು ಬೇಕೆಂದಾಗ ಮೇಲೆ ಬರುವುದನ್ನು ಹೇಳುವ ‘ರಿಟ್ರೀವಲ್’ನಲ್ಲಿ. ‘ಹಿಂಪಡೆಯುವಿಕೆ’, ‘ಮರುಪಡೆಯುವಿಕೆ’ ಅಂತ ಬರೆಯುವುದು ರೂಢಿ. ನಾನೂ ಹಾಗೇ ಬರೆದೆ: “ಮಿದುಳು ನೆನಪುಗಳನ್ನು ಹಿಂಪಡೆಯುತ್ತದೆ.” ಮಾರನೇ ದಿನ ಓದಿದರೆ ಏನೋ ಚುಚ್ಚಿದ ಹಾಗಾಯಿತು. ನಾವು ಹಿಂಪಡೆಯುವುದು ಏನನ್ನು? ಕೊಟ್ಟ ದೂರನ್ನು, ಸಲ್ಲಿಸಿದ ನಾಮಪತ್ರವನ್ನು, ಬ್ಯಾಂಕಿನಲ್ಲಿಟ್ಟ ಹಣವನ್ನು. ಅಂದರೆ ವಸ್ತು ಇಟ್ಟ ಕಡೆ ಇಟ್ಟ ಹಾಗೇ ಇರುತ್ತದೆ, ಹೋಗಿ ತರುತ್ತೇವೆ ಅಷ್ಟೇ.

ನೆನಪು ಹಾಗೆ ಕೂತಿರುವುದಿಲ್ಲ. 2000ರಲ್ಲಿ ಕರೀಮ್ ನಾದರ್ ಮತ್ತು ಜೊತೆಗಾರರು ಇಲಿಗಳ ಮೇಲೆ ಮಾಡಿದ ಪ್ರಯೋಗ ನೋಡಿ. ಒಂದು ಸದ್ದು ಕೇಳಿಸಿ ಸಣ್ಣಗೆ ಕರೆಂಟ್ ಮುಟ್ಟಿಸಿದರು. ಆ ಸದ್ದು ಕೇಳಿದರೆ ಇಲಿ ಅಲ್ಲೇ ಮರಗಟ್ಟಿ ನಿಲ್ಲುವುದನ್ನು ಕಲಿಯಿತು. ಆಮೇಲೆ ಬರೀ ಸದ್ದು ಕೇಳಿಸಿ ಆ ಹೆದರಿಕೆಯನ್ನು ನೆನಪಿಸಿದರು, ಕೂಡಲೇ ಮಿದುಳಿನ ಅಮಿಗ್ಡಲಾ ಭಾಗಕ್ಕೆ ಹೊಸ ಪ್ರೋಟೀನ್ ತಯಾರಾಗದಂತೆ ತಡೆಯುವ ಔಷಧಿ ಕೊಟ್ಟರು. ಮರುದಿನ ಅದೇ ಸದ್ದಿಗೆ ಇಲಿಯ ಹೆದರಿಕೆ ತೀರಾ ಕಡಿಮೆಯಾಗಿತ್ತು. ಸದ್ದು ಕೇಳಿಸದೆ ಸುಮ್ನೆ ಔಷಧಿ ಕೊಟ್ಟ ಇಲಿಗಳಿಗೆ ಏನೂ ಆಗಲಿಲ್ಲ. ಗಟ್ಟಿಯಾಗಿದ್ದ ನೆನಪು ಮೇಲೆ ಬಂದಾಗ ಮತ್ತೆ ಹಸಿಯಾಗುತ್ತದೆ, ಮತ್ತೆ ಗಟ್ಟಿಯಾಗಬೇಕಾಗುತ್ತದೆ ಅಂತಾಯಿತು. ಇದಕ್ಕೆ ‘ಹಿಂಪಡೆ’ ಅಂದರೆ ಓದುಗರನ್ನು ದಾರಿ ತಪ್ಪಿಸಿದ ಹಾಗೆ ಅಲ್ವಾ?

ಹಾಗಾದರೆ ದಿನಬಳಕೆಯಲ್ಲಿ ನಾವು ಏನನ್ನುತ್ತೇವೆ ಅಂತ ಪಟ್ಟಿ ಮಾಡಿದೆ. ‘ನೆನಪಿಟ್ಟುಕೊ’, ‘ನೆನಪಿದೆ’, ‘ನೆನಪಾಯಿತು’, ‘ನೆನಪು ಮಾಡಿಕೊಂಡೆ’, ‘ನೆನಪಿಸು’. ‘ನನಗೆ ನೆನಪಾಯಿತು’ ಅಂದರೆ ಅದು ತಾನಾಗಿ ಬಂತು, ನನ್ನ ಕೈವಾಡವಿಲ್ಲ. ‘ನಾನು ನೆನಪು ಮಾಡಿಕೊಂಡೆ’ ಅಂದರೆ ತಿಣುಕಿ ತಂದದ್ದು. ಈ ವ್ಯತ್ಯಾಸ ವಿಜ್ಞಾನಿಗಳಿಗೂ ಬೇಕಾದದ್ದೇ, ಅದಕ್ಕೆ ಅವರು ಬೇರೆ ಬೇರೆ ವಿಶೇಷಣ ಸೇರಿಸುತ್ತಾರೆ. ನಮಗೆ ‘ನನಗೆ’, ‘ನಾನು’ ಸಾಕು. ಅದರಲ್ಲೂ ‘ಮಾಡಿಕೊ’ ಅನ್ನುವುದು ನನಗೆ ತುಂಬಾ ಹಿಡಿಸಿತು. ನೆನಪನ್ನು ತರುವುದಿಲ್ಲ, ಮಾಡುತ್ತೇವೆ, ಅದೂ ನಮಗಾಗಿ. ಇಲಿಯ ಪ್ರಯೋಗಕ್ಕೆ ಇದು ಎಷ್ಟು ಹತ್ತಿರ!

(ನಡುವೆ ಒಂದು ಮಾತು. ಇಲ್ಲೇ ‘ಹಸಿ’ ಅಂತ ಬರೆಯುವಾಗ ‘ನೆನೆ’ ಕಣ್ಣಿಗೆ ಬಿತ್ತು. ಮಳೆಯಲ್ಲಿ ನೆನೆಯುವುದೂ ಅದೇ, ಹಳೆಯದನ್ನು ನೆನೆಯುವುದೂ ಅದೇ. ಎರಡಕ್ಕೂ ನಂಟಿದೆ ಅಂತ ಚಂದದ ಕತೆ ಕಟ್ಟಬಹುದು, ಆದರೆ ಇಲ್ಲ. ತಮಿಳಿನಲ್ಲಿ ಇವು ಇಂದಿಗೂ ಬೇರೆ ಬೇರೆ: ತೋಯುವುದಕ್ಕೆ ‘ನನೈ’, ಯೋಚಿಸುವುದಕ್ಕೆ, ನೆನೆಯುವುದಕ್ಕೆ ‘ನಿನೈ’. ನಮ್ಮಲ್ಲಿ ಉಚ್ಚಾರ ಒಂದಾಗಿಬಿಟ್ಟಿದೆ, ಅಷ್ಟೇ.)

ಕ್ರಿಯಾಪದವಾಗಿ ‘ನೆನಪು ಮಾಡಿಕೊ’ ಸರಿ. ನಾಮಪದ ಬೇಕಾದಾಗ ಕಷ್ಟ. ‘ನೆನಪು ಮಾಡಿಕೊಳ್ಳುವಿಕೆ’ ಅಂತ ಅಧ್ಯಾಯದ ತಲೆಬರಹ ಹಾಕಿದರೆ ಯಾರು ಓದುತ್ತಾರೆ? ‘ಮರುನೆನಪು’ ಅಂದರೆ ಎರಡನೇ ಸಲ ನೆನಪಾದದ್ದು ಅನ್ನಿಸುತ್ತದೆ. ‘ಸ್ಮರಣೆ’ ಅಂದರೆ ಪುಣ್ಯಸ್ಮರಣೆಯ ಕಡೆ ಮನಸ್ಸು ಓಡುತ್ತದೆ. ‘ಜ್ಞಾಪಕ’ ನಾವು ಆಡುವ ಮಾತೇ, ಆದರೆ ಅದು ಇರುವ ನೆನಪನ್ನು ಹೇಳುತ್ತದೆ, ನೆನಪು ಬರುವ ಕೆಲಸವನ್ನಲ್ಲ. ನಿಮಗೇನು ತೋಚುತ್ತದೆ?

ಇನ್ನೊಂದು ಚಿಕ್ಕ ಪ್ರಶ್ನೆ. 1953ರಲ್ಲಿ ಹೆನ್ರಿ ಮೊಲೇಸನ್ ಅನ್ನುವವರಿಗೆ ಮೂರ್ಛೆರೋಗಕ್ಕೆಂದು ಶಸ್ತ್ರಚಿಕಿತ್ಸೆ ಮಾಡಿ ಮಿದುಳಿನ ಎರಡೂ ಕಡೆ ಇರುವ ಹಿಪೊಕ್ಯಾಂಪಸ್ ಅನ್ನುವ ಭಾಗದ ಬಹುಪಾಲನ್ನು ತೆಗೆದರು. ಆಮೇಲೆ ನಡೆದದ್ದು ಯಾವುದೂ ಅವರಲ್ಲಿ ನಿಲ್ಲುತ್ತಿರಲಿಲ್ಲ. ಬ್ರೆಂಡಾ ಮಿಲ್ನರ್ ಅನ್ನುವ ಮನಶ್ಶಾಸ್ತ್ರಜ್ಞೆ ಮೊಲೇಸನ್‌ಗೆ ಕನ್ನಡಿಯಲ್ಲಿ ಮಾತ್ರ ನೋಡುತ್ತಾ ನಕ್ಷತ್ರದ ಗೆರೆಗಳ ನಡುವೆ ಪೆನ್ಸಿಲ್ ಓಡಿಸಲು ಹೇಳಿದರು. ಮೂರು ದಿನದಲ್ಲಿ ತಪ್ಪುಗಳು ಇಳಿಯುತ್ತಾ ಬಂದವು. ಆದರೆ ಇದನ್ನು ಹಿಂದೆ ಮಾಡಿದ್ದೇ ಅವರಿಗೆ ನೆನಪಿರಲಿಲ್ಲ. ಇಂಗ್ಲಿಷಿನಲ್ಲಿ ಇದೂ ಮೆಮೊರಿಯೇ. ಕನ್ನಡದಲ್ಲಿ “ಅವರ ಕೈಗೆ ನೆನಪಿತ್ತು” ಅಂದರೆ ಕವಿತೆಯಾಗುತ್ತದೆ. “ಕೈ ಪಳಗಿತ್ತು” ಅನ್ನುವುದು ನನಗೆ ಸಹಜ. ಹಾಗಂದರೆ ‘ನೆನಪಿನ ಬಗೆಗಳು’ ಅನ್ನುವ ಅಧ್ಯಾಯದಲ್ಲಿ ಈ ‘ಪಳಗು’ವಿಗೆ ಜಾಗ ಕೊಡಬಹುದೇ, ಅಥವಾ ಅಲ್ಲಿ ‘ನೆನಪು’ ಪದವನ್ನೇ ಎಳೆದು ತರಬೇಕೇ?