ಟೇಬಲ್ ಮೇಲೆ ಹಾಡುವ ಆಂಪ್, ಕಬ್ಬಿಣದ ಡಬ್ಬಿಗೆ ಹಾಕಿದರೆ ಫ್ಯೂಸ್ ಹೋಗುತ್ತಿದೆ

ಗುಮ್ಮಟದ ಹುಡುಗ, ವಿಜಯಪುರ
ನಮಸ್ಕಾರ ಎಲ್ಲರಿಗೂ. ಎರಡು ಟಿಡಿಎ 2030 ಐಸಿ ಹಾಕಿ ಸ್ಟೀರಿಯೋ ಆಂಪ್ (ಆಂಪ್ಲಿಫೈಯರ್) ಮಾಡಿದ್ದೇನೆ. ಬೋರ್ಡ್ ಮನೆಯಲ್ಲೇ ಫೆರಿಕ್ ಕ್ಲೋರೈಡ್‌ನಲ್ಲಿ ಬೇಡದ ತಾಮ್ರ ಕರಗಿಸಿ ಎಚ್ ಮಾಡಿದ್ದು. ಬಚ್ಚಲಕಲ್ಲಿನ ಮೇಲಿನ ಹಳದಿ ಕಲೆ ಇನ್ನೂ ಹೋಗಿಲ್ಲ, ಅವ್ವ ದಿನಾ ಬೈಯುತ್ತಾಳೆ. 12-0-12 ಟ್ರಾನ್ಸ್‌ಫಾರ್ಮರ್, ಪ್ಲಸ್ 16 ಮತ್ತು ಮೈನಸ್ 16 ವೋಲ್ಟ್ ಸರಿಯಾಗಿ ಬರುತ್ತಿದೆ. ಟೇಬಲ್ ಮೇಲೆ ಎರಡು ದಿನ ಹಾಡಿತು.

ಹಳೆಯ ಸ್ಟೆಬಿಲೈಸರ್ ಡಬ್ಬಿಯೊಂದು ಇತ್ತು. ಅದಕ್ಕೆ ಪೌಡರ್ ಕೋಟಿಂಗ್ ಮಾಡಿಸಿ ಬೋರ್ಡ್ ಕೂರಿಸಿದೆ. ಐಸಿಗಳನ್ನು ಹಿಂದಿನ ತಗಡಿಗೇ ಬಿಗಿದೆ. ಸ್ವಿಚ್ ಹಾಕಿದ ಕೂಡಲೇ ಮೈನಸ್ ಕಡೆಯ ಫ್ಯೂಸ್ ಹೋಯಿತು. ಮೂರು ಸಲವೂ ಅದೊಂದೇ. ಬೋರ್ಡ್ ಕೆಳಗೆ 10 ಮಿಮೀ ಸ್ಪೇಸರ್ ಇದೆ, ಟ್ರ್ಯಾಕ್ ಎಲ್ಲೂ ತಗಡಿಗೆ ತಾಗುತ್ತಿಲ್ಲ. ಏನು ಮಾಡಲಿ?

ಉದ್ಯಮಬಾಗ ಕಾಕಾ, ಬೆಳಗಾವಿ
ಮೊದಲು ಫ್ಯೂಸ್ ಸುಡುವುದನ್ನು ನಿಲ್ಲಿಸಪ್ಪ. ಮೇನ್ಸ್‌ಗೆ ಸೀರೀಸ್‌ನಲ್ಲಿ 60 ವ್ಯಾಟ್‌ನ ಹಳೆಯ ತಂತಿ ಬಲ್ಬ್ ಹಾಕು. ಶಾರ್ಟ್ ಇದ್ದರೆ ಬಲ್ಬ್ ಜೋರಾಗಿ ಉರಿಯುತ್ತದೆ, ಅಷ್ಟೇ.

ಮೈನಸ್ ಫ್ಯೂಸ್ ಮಾತ್ರ ಹೋಗುತ್ತದೆ ಅಂದೆಯಲ್ಲ, ಅಲ್ಲೇ ಉತ್ತರ ಇದೆ. 2030ರ ಬೆನ್ನಿನ ಲೋಹದ ಟ್ಯಾಬ್ ಒಳಗಡೆ 3ನೇ ಪಿನ್‌ಗೆ ಸೇರಿದೆ. ನಿನ್ನ ಸರ್ಕಿಟ್‌ನಲ್ಲಿ ಅದು ಗ್ರೌಂಡ್ ಅಲ್ಲ, ಮೈನಸ್ 16. ಟ್ಯಾಬ್ ಹಿಂದೆ ಕರೆಂಟ್ ತಡೆಯುವ ಮೈಕಾ ಹಾಳೆ ಹಾಕಿದ್ದೀಯಾ? ಹಾಡಿನ ಸಿಗ್ನಲ್ ಒಳಬರುವ ಆರ್‌ಸಿಎ ಸಾಕೆಟ್‌ಗಳನ್ನು ಡಬ್ಬಿಗೆ ನೇರವಾಗಿ ಬಿಗಿದಿದ್ದೀಯಾ?

ಗುಮ್ಮಟದ ಹುಡುಗ, ವಿಜಯಪುರ
ಮೈಕಾ ಎರಡಕ್ಕೂ ಹಾಕಿದ್ದೇನೆ ಕಾಕಾ. ಆರ್‌ಸಿಎ ನೇರವಾಗಿಯೇ ಬಿಗಿದಿದ್ದೇನೆ. ಡಬ್ಬಿಗೆ ಪೇಂಟ್ ಬೇರೆ ಇದೆ, ಶಾರ್ಟ್ ಹೇಗೆ ಆಗುತ್ತದೆ? ಮೀಟರ್ ಹಿಡಿದೆ. ಡಬ್ಬಿಗೂ ಟ್ಯಾಬ್‌ಗೂ ಬೀಪ್ ಬರುತ್ತಿದೆ, ಅದೂ ಎರಡೂ ಐಸಿಗೆ! ಬಲಗಡೆಯದರ ಸ್ಕ್ರೂಗೆ ಪ್ಲಾಸ್ಟಿಕ್ ಬುಶ್ (ಸ್ಕ್ರೂ ಲೋಹಕ್ಕೆ ತಾಗದಂತೆ ಹಾಕುವ ಬಳೆ) ಕೂಡ ಹಾಕಿದ್ದೇನೆ. ಅಂಗಡಿಯಲ್ಲಿ ಒಂದೇ ಸಿಕ್ಕಿತ್ತು.

ಉದ್ಯಮಬಾಗ ಕಾಕಾ, ಬೆಳಗಾವಿ
ಹಾಂ, ಸಿಕ್ಕಿತು ನೋಡು ಕಳ್ಳ. ಮೈಕಾ ಇರುವುದು ಟ್ಯಾಬ್‌ಗೂ ತಗಡಿಗೂ ನಡುವೆ. ಆದರೆ ಸ್ಕ್ರೂ? ಅದರ ತಲೆ ಟ್ಯಾಬ್‌ಗೆ ಒತ್ತಿ ಕೂತಿದೆ, ಮೈ ತೂತಿನೊಳಗೆ ಹಾದು ತಗಡಿಗೆ ತಾಗಿದೆ. ಪೇಂಟ್ ನಂಬಬೇಡ. ಡ್ರಿಲ್ ಮಾಡಿದ ತೂತಿನ ಒಳಗೆ ಪೇಂಟ್ ಎಲ್ಲಿರುತ್ತದೆ? ಬರೀ ಕಬ್ಬಿಣ. ಇನ್ನು ಗ್ರೌಂಡ್‌ಗೆ ಸೇರಿದ ಆರ್‌ಸಿಎ ಮೈಯಿಂದ ಡಬ್ಬಿ ಸೊನ್ನೆ ವೋಲ್ಟ್ ಆಗಿದೆ. ಮೈನಸ್ 16 ನೇರವಾಗಿ ಸೊನ್ನೆಗೆ. ಟೇಬಲ್ ಮೇಲೆ ಡಬ್ಬಿಯೇ ಇರಲಿಲ್ಲ, ಅದಕ್ಕೇ ಹಾಡಿತು.

ಎರಡೂ ಬೀಪ್ ಆಗಲೇಬೇಕು, ಎರಡರ 3ನೇ ಪಿನ್ನೂ ಒಂದೇ ಟ್ರ್ಯಾಕ್ ಮೇಲಿದೆಯಲ್ಲ. ಎಡಗಡೆಯ ಸ್ಕ್ರೂ ಬಿಚ್ಚಿ ನೋಡು, ಬೀಪ್ ನಿಲ್ಲುತ್ತದೆ. ಬುಶ್ ಹಾಕದೆ ಮತ್ತೆ ಬಿಗಿಯಬೇಡ.

ನವನಗರ ವೈಂಡರ್, ಬಾಗಲಕೋಟೆ
ಕಾಕಾರು ಹೇಳಿದ್ದು ಸರಿ. ಒಂದು ಮಾತು ನನ್ನದೂ. ತೆಳು ಕಬ್ಬಿಣದ ತಗಡು ಐಸಿಯ ಬಿಸಿ ಎಳೆಯುವ ಹೀಟ್‌ಸಿಂಕ್ ಅಲ್ಲ. ಟೇಬಲ್ ಮೇಲೆ ಬಳಸಿದ ಅಲ್ಯುಮಿನಿಯಂ ಹೀಟ್‌ಸಿಂಕನ್ನೇ ಒಳಗೆ ಹಾಕಿ. ನಮ್ಮ ಕಡೆಯ ಏಪ್ರಿಲ್ ಗೊತ್ತಲ್ವಾ, ಸುಮ್ನೆ ಕೂತರೇ ಬೆವರು. ಮೈಕಾದ ಎರಡೂ ಬದಿಗೆ ಹೀಟ್‌ಸಿಂಕ್ ಪೇಸ್ಟ್ ತೆಳುವಾಗಿ ಸವರಿ. ಜಾಸ್ತಿ ಮೆತ್ತಿದರೆ ಉಪಯೋಗವಿಲ್ಲ.

ಗುಮ್ಮಟದ ಹುಡುಗ, ವಿಜಯಪುರ
ಎಡಗಡೆಯ ಸ್ಕ್ರೂ ಬಿಚ್ಚಿದೆ, ಬೀಪ್ ಸತ್ತಿತು! ಇನ್ನೊಂದು ಬುಶ್ ತಂದು ಹಾಕಿದೆ, ಹೀಟ್‌ಸಿಂಕೂ ಒಳಗೆ ಬಂತು. ಸೀರೀಸ್ ಬಲ್ಬ್ ಒಮ್ಮೆ ಮಿಂಚಿ ಮಂಕಾಯಿತು. ಫ್ಯೂಸ್ ಗಟ್ಟಿ. ಆದರೆ ಈಗ ಸ್ಪೀಕರ್‌ನಲ್ಲಿ ಗುಂಯ್ ಅಂತ ಸದ್ದು. ಗೆಳೆಯನೊಬ್ಬ ಪ್ಲಗ್‌ನ ಅರ್ಥ್ ವೈರ್ ಬಿಚ್ಚಿಬಿಡು, ಹೋಗುತ್ತದೆ ಅನ್ನುತ್ತಿದ್ದಾನೆ.

ಉದ್ಯಮಬಾಗ ಕಾಕಾ, ಬೆಳಗಾವಿ
ಅಂಥ ಗೆಳೆಯನಿಗೆ ಚಹಾ ಕುಡಿಸಿ ಕಳಿಸು, ಮಾತು ಕೇಳಬೇಡ. ಕಬ್ಬಿಣದ ಡಬ್ಬಿ, ಒಳಗೆ 230 ವೋಲ್ಟ್. ಒಂದು ಫೇಸ್ ವೈರ್ ಕಳಚಿ ತಗಡಿಗೆ ತಾಗಿದರೆ ಮುಟ್ಟಿದವನ ಗತಿ ಏನು? ಅರ್ಥ್ ಇರಲೇಬೇಕು. ಅರ್ಥ್ ವೈರ್ ಡಬ್ಬಿಗೆ ಬಿಗಿಯುವ ಜಾಗದಲ್ಲಿ ಪೌಡರ್ ಕೋಟಿಂಗನ್ನು ಪಾಲಿಶ್ ಪೇಪರ್‌ನಿಂದ ಉಜ್ಜಿ, ನಾಲ್ಕಾಣೆ ಅಗಲದಷ್ಟು ಬೆಳ್ಳಗೆ ಲೋಹ ಕಾಣಬೇಕು. ಆಮೇಲೆ ಹಲ್ಲಿನ ವಾಷರ್ ಹಾಕಿ ಬಿಗಿ. ಆ ಸ್ಕ್ರೂ ಅರ್ಥ್‌ಗೆ ಮಾತ್ರ. ಬೋರ್ಡ್ ಹಿಡಿಯಲು ಅದನ್ನೇ ಬಳಸಬೇಡ.

ಸದ್ದಿಗೆ ಕಾರಣ ಬೇರೆ ಇರಬೇಕು. ಸಿಗ್ನಲ್ ಗ್ರೌಂಡ್ ಡಬ್ಬಿಯನ್ನು ಎರಡೆರಡು ಕಡೆ ಮುಟ್ಟುತ್ತಿದೆಯಾ ನೋಡು.

ಗುಮ್ಮಟದ ಹುಡುಗ, ವಿಜಯಪುರ
ಹೌದ್ರೀ ಕಾಕಾ. ಎರಡು ಆರ್‌ಸಿಎ, ಅದರ ಮೇಲೆ ಬೋರ್ಡಿನ ಮೂಲೆಯ ಲೋಹದ ಸ್ಪೇಸರ್ ಕೂಡ ಗ್ರೌಂಡ್ ಟ್ರ್ಯಾಕ್‌ಗೆ ಕಚ್ಚಿತ್ತು. ಸಾಕೆಟ್‌ಗಳಿಗೆ ಫೈಬರ್ ವಾಷರ್, ಮೂಲೆಗೆ ನೈಲಾನ್ ಸ್ಪೇಸರ್ ಹಾಕಿದೆ. ಫಿಲ್ಟರ್ ಕೆಪಾಸಿಟರ್‌ಗಳ ನಡುವಿನಿಂದ ಡಬ್ಬಿಗೆ ಒಂದೇ ವೈರ್ ಎಳೆದೆ. ಈಗ ಕಿವಿ ಹಚ್ಚಿ ಕೇಳಿದರಷ್ಟೇ ಸಣ್ಣ ಸದ್ದು. ಒಂದು ಗಂಟೆ ಓಡಿಸಿದೆ, ಹೀಟ್‌ಸಿಂಕ್ ಕೈಗೆ ಬೆಚ್ಚಗಿದೆ ಅಷ್ಟೇ.

ನವನಗರ ವೈಂಡರ್, ಬಾಗಲಕೋಟೆ
ಮೇನ್ಸ್ ವೈರ್ ಒಳಗೆ ಬರುವ ತೂತಿಗೆ ಗ್ರಾಮೆಟ್ (ತಗಡಿನ ಅಂಚು ವೈರ್ ಕೊಯ್ಯದಂತೆ ರಬ್ಬರ್ ಬಳೆ) ಹಾಕಿದ್ದೀರಲ್ಲ?

ಗುಮ್ಮಟದ ಹುಡುಗ, ವಿಜಯಪುರ
ಸೈಕಲ್ ಟ್ಯೂಬಿನ ತುಂಡು ಸುತ್ತಿದ್ದೇನೆ...

ಉದ್ಯಮಬಾಗ ಕಾಕಾ, ಬೆಳಗಾವಿ
ಬಿಚ್ಚು ಅದನ್ನ. ಬುಶ್ ತಂದ ಅಂಗಡಿಗೇ ಇನ್ನೊಂದು ಸಲ ಹೋಗು.