ಎಡಕ್ಕೆ ತಿರುಗಿದರೆ ಮಾತ್ರ ಹಾರ್ನ್

"ಜಯಣ್ಣನ ಕಾರಿಗೆ ಹೊಸ ಕಾಯಿಲೆ ಬೋರಣ್ಣ. ಸ್ಟೇರಿಂಗ್ ಎಡಕ್ಕೆ ತಿರುಗಿಸಿದರೆ ಮಾತ್ರ ಹಾರ್ನ್ ಕೂಗುತ್ತೆ," ಎಂದ ಕಿಟ್ಟಿ, ಟೀ ಬರುವ ಮೊದಲೇ.

"ನೇರ ಹೋದರೆ?"

"ಒಂದೊಂದು ಸಲ ಕೂಗುತ್ತೆ. ಮನಸ್ಸು ಬಂದರೆ."

"ಬಲಕ್ಕೆ?"

"ಕೇಳಲೇಬೇಡಿ."

ಬೋರಣ್ಣ ಜಯಣ್ಣನ ಕಡೆ ತಿರುಗಿದರು. "ಮಂಡ್ಯದಲ್ಲಿ ಇದ್ದುಕೊಂಡು ಕಬ್ಬಿನ ಗಾಡಿ ದಾಟೋದು ಹೇಗಯ್ಯಾ ಹಾಗಾದರೆ? ದಾಟಬೇಕಾದರೆ ಬಲಕ್ಕೇ ತಾನೇ ಎಳೆಯಬೇಕು?"

"ಅದಕ್ಕೇನು, ಮೊದಲು ಸ್ವಲ್ಪ ಎಡಕ್ಕೆ ಎಳೆದು ಹಾರ್ನ್ ಹೊಡೆಯುತ್ತೇನೆ. ಆಮೇಲೆ ಬಲಕ್ಕೆ ಹೋಗುತ್ತೇನೆ. ಎತ್ತುಗಳು ಹೆದರಿ ತಾವೇ ದಾರಿ ಬಿಡುತ್ತವೆ."

"ಅವು ಹೆದರಿದ್ದು ಹಾರ್ನಿಗಲ್ಲ ಬಿಡು."

ಜಯಣ್ಣನಿಗೆ ಬೇಜಾರಾಯಿತು. ಹಾರ್ನ್ ಬದಲಾಯಿಸಿದ್ದಾನಂತೆ, ಡಬಲ್ ಟೋನು. ಹಾರ್ನಿಗೆ ಕರೆಂಟು ಬಿಡುವ ಸ್ವಿಚ್ಚು, ಅಂದರೆ ರಿಲೇ, ಹೊಸದು. ಬ್ಯಾಟರಿ ಹೊಸದು.

"ಹೊಸ ಹಾರ್ನೂ ಎಡಪಕ್ಷಕ್ಕೇ ಸೇರಿಕೊಂಡಿತಾ?" ಎಂದರು ಬೋರಣ್ಣ. "ಇದೇ ಕಣಯ್ಯಾ ಈಗಿನ ರೋಗ. ಕೆಟ್ಟಿರೋದು ಎಲ್ಲಿ ಅಂತ ಹುಡುಕೋ ಮೊದಲೇ ಹೊಸದು ತರಿಸೋದು. ಪಾರ್ಸೆಲ್ ಬಂತು, ಡಬ್ಬ ಬಿಚ್ಚಿದೆ, ಅದರದ್ದೂ ಒಂದು ವಿಡಿಯೋ ಮಾಡಿದೆ. ಕಾರು ಮಾತ್ರ ಹಾಗೇ ಇದೆ!"

ಕಿಟ್ಟಿ ಫೋನು ತೆಗೆದ. "ಬ್ಲೂಟೂತ್ ಸ್ಕ್ಯಾನರ್ ಬಂದಿದೆ ಬೋರಣ್ಣ. ಚುಚ್ಚಿದರೆ ಸಾಕು, ಯಾವ ತೊಂದರೆ ಅಂತ ಫೋನಲ್ಲೇ ಹೇಳುತ್ತೆ."

"1997ರ ಕಾರ್ಬೊರೇಟರ್ ಗಾಡಿಗೆ ಅದನ್ನು ಎಲ್ಲಿ ಚುಚ್ಚುತ್ತೀಯ? ಸಿಗರೇಟ್ ಲೈಟರಿಗಾ?"

"ಇಂಡಿಕೇಟರಿಗೆ ಎಲ್‌ಇಡಿ ಬಲ್ಬನ್ನಾದರೂ ಹಾಕಿಸೋಣ."

"ಹಾಕಿಸು. ಇಂಡಿಕೇಟರು ಮಿನುಗಿಸೋ ಹಳೇ ಫ್ಲಾಷರ್ 21 ವಾಟಿನ ಬಲ್ಬಿನ ಲೋಡ್ ನಂಬಿಕೊಂಡು ಟಿಕ್ ಟಿಕ್ ಅನ್ನೋದು. ಎಲ್‌ಇಡಿ ಹಾಕಿದರೆ ಇಂಡಿಕೇಟರು ಗಾಬರಿ ಬಿದ್ದು ಹೊಡೆದುಕೊಳ್ಳುತ್ತೆ, ಇಲ್ಲಾ ಮುಷ್ಕರ ಹೂಡುತ್ತೆ. ಈಗಾಗಲೇ ಹಿಂದಿನ ಲೈಟಿನ ಕಥೆ ಏನು?"

ಜಯಣ್ಣ ತಲೆ ಕೆರೆದುಕೊಂಡ. ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಂಕಾಗಿ ಉರಿಯುತ್ತಂತೆ. ಅದೂ ಯಾವಾಗಲೂ ಅಲ್ಲ, ಮಳೆ ಬಂದ ಮಾರನೇ ದಿನ. ಮೆಕ್ಯಾನಿಕ್ ಹತ್ತಿರ ಹೋದರೆ ಡಾಕ್ಟರ ಮುಂದೆ ಜ್ವರ ಇಳಿದ ಹಾಗೆ ಎಲ್ಲಾ ಸರಿ.

"ಅದು ಅರ್ತ್ ಹೋಗಿರೋದು ಕಣಯ್ಯಾ, ಬಲ್ಬಿನಿಂದ ಗಾಡಿಯ ಲೋಹದ ಮೈಗೆ ಸೇರೋ ವೈರು. ಕರೆಂಟು ವಾಪಸ್ ಹೋಗಲು ದಾರಿ ಸಿಗದೆ ಪಕ್ಕದ ಬಲ್ಬಿನೊಳಗೆ ನುಗ್ಗುತ್ತೆ. ಆ ವೈರಿನ ಬೋಲ್ಟ್ ಬಿಚ್ಚಿ, ತುಕ್ಕು ಉಜ್ಜಿ ಬಿಗಿ ಮಾಡಿದರೆ ಮುಗೀತು. ಎಮರಿ ಪೇಪರಿಗೆ ಎಷ್ಟು ದುಡ್ಡು? ಆದರೆ ಅದರ ರೀಲ್ಸ್ ಯಾರು ನೋಡುತ್ತಾರೆ?"

"ಹಾರ್ನು?"

"ಹಾರ್ನಿನ ಬಟನ್ನಿನ ವೈರು ಎಷ್ಟೋ ಹಳೇ ಗಾಡಿಗಳಲ್ಲಿ ಸ್ಟೇರಿಂಗ್ ಕೆಳಗಿನ ಒಂದು ತಾಮ್ರದ ಬಳೆ ದಾಟಿ ಬರುತ್ತೆ. ಮೇಲೆ ಸ್ಪ್ರಿಂಗ್ ಇಟ್ಟ ಚಿಕ್ಕ ಪಿನ್ನು ಅದನ್ನು ಉಜ್ಜುತ್ತಾ ಇರುತ್ತೆ. ಅದು ಸವೆದಿದ್ದರೆ ಒಂದು ಕಡೆ ಮುಟ್ಟುತ್ತೆ, ಇನ್ನೊಂದು ಕಡೆ ಮುಟ್ಟಲ್ಲ. ಬಟನ್ನಿಂದ ಬರೋ ವೈರನ್ನು ಸ್ಟೇರಿಂಗಿನ ಕೆಳಗೆ ಬಿಚ್ಚಿ, ರಿಲೇ ಕಡೆಯ ತುದಿಯನ್ನು ಗಾಡಿಯ ಲೋಹದ ಮೈಗೆ ಮುಟ್ಟಿಸಿ ನೋಡು. ಹಾರ್ನು ನಿಲ್ಲದೆ ಕೂಗಿದರೆ ತಪ್ಪು ಹಾರ್ನಿನದಲ್ಲ, ಬಳೆಯದ್ದು. ಇಷ್ಟು ನೋಡದೆ ಬ್ಯಾಟರಿ ಬದಲಾಯಿಸಿದೆಯಲ್ಲ, ಪುಣ್ಯಾತ್ಮ!"

"ಬ್ಯಾಟರಿ 12.6 ವೋಲ್ಟ್ ತೋರಿಸುತ್ತಿತ್ತು..."

"ಅಂದರೆ ಹಳೇದು ಗಟ್ಟಿಮುಟ್ಟಾಗೇ ಇತ್ತು ಅಂತ! ನಮ್ಮ ಜಿಲ್ಲೆ ನೋಡಯ್ಯಾ, 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆದು ಕರೆಂಟು ಕಳಿಸಿತು. ಊರೂರು ದಾಟಿ ಹೋದ ಕರೆಂಟು ನಿನ್ನ ಸ್ಟೇರಿಂಗ್ ದಾಟಲು ಆಗುತ್ತಿಲ್ಲ."

ಆಮೇಲೆ ಮಾತು ಕರೆಂಟಿನಿಂದ ಕರೆಂಟ್ ಬಿಲ್ಲಿಗೆ, ಅಲ್ಲಿಂದ ಪಂಪ್‌ಸೆಟ್ಟಿಗೆ ಹೋಯಿತು. ವಾಪಸ್ ಎಳೆದು ತಂದವರು ಬೋರಣ್ಣನೇ. ಮೊದಲು ಬಸ್ ಸ್ಟ್ಯಾಂಡ್ ಹತ್ತಿರ ಒಬ್ಬ ಎಲೆಕ್ಟ್ರೀಷಿಯನ್ ಇದ್ದನಂತೆ. ಸ್ಕ್ರೂಡ್ರೈವರು, ವೈರಿನಲ್ಲಿ ಕರೆಂಟು ಇದೆಯಾ ಅಂತ ನೋಡುವ ಟೆಸ್ಟ್ ಲ್ಯಾಂಪು, ಕಿವಿ ಮೇಲೊಂದು ಬೀಡಿ. ಗಾಡಿ ಕೆಡುವವರೆಗೂ ಪಕ್ಕದಲ್ಲೇ ಕೂತು, ವೈರು ಒಂದೊಂದನ್ನೇ ಅಲ್ಲಾಡಿಸುತ್ತಾ ಸುಮ್ನೆ ಕಾಯುತ್ತಿದ್ದ. ಕೆಟ್ಟಿದ್ದಾಗಲೇ ಹಿಡಿಯಬೇಕು, ಸರಿ ಇದ್ದಾಗ ನೋಡಿ ಪ್ರಯೋಜನ ಇಲ್ಲ ಅನ್ನುತ್ತಿದ್ದ.

"ಈಗ ಎಲ್ಲಿದ್ದಾನೆ?" ಎಂದ ಜಯಣ್ಣ.

"ಹೋಗಿಬಿಟ್ಟ. ಅಂಗಡಿ ಮಗ ನೋಡಿಕೊಳ್ಳುತ್ತಾನೆ. ಸೀಟ್ ಕವರು, ಸ್ಕ್ರೀನು, ಬಣ್ಣದ ಲೈಟು. ಚೆನ್ನಾಗೇ ನಡೆಯುತ್ತಿದೆ. ಟೆಸ್ಟ್ ಲ್ಯಾಂಪ್ ಇದೆಯಾ ಅಂತ ಕೇಳಿದೆ. ಯಾವ ಬ್ರ್ಯಾಂಡು ಅಂಕಲ್ ಅಂದ."

ಯಾರೂ ನಗಲಿಲ್ಲ. ಟೀ ಬಂತು.

"ಬಾರಯ್ಯಾ, ಸ್ಟೇರಿಂಗ್ ಬಿಚ್ಚೋಣ. ಸ್ಪ್ಯಾನರ್ ತರುತ್ತೇನೆ," ಎಂದರು ಬೋರಣ್ಣ.

"ಈಗ ಬೇಡ ಬೋರಣ್ಣ. ಸಂಜೆ ಕಾರು ನೋಡಲು ಬರುತ್ತಾರೆ. ಮಾರಿಬಿಡು ಅಂತ ಮಗ ಪ್ರಾಣ ತಿನ್ನುತ್ತಿದ್ದಾನೆ."

"ಹಾರ್ನಿನ ವಿಷಯ ಹೇಳಿದ್ದೀಯಾ?"

"ಯಾಕೆ ಹೇಳಲಿ? ನಮ್ಮ ಬೀದಿಯಿಂದ ಎಡಕ್ಕೆ, ಮತ್ತೆ ಎಡಕ್ಕೆ, ಮತ್ತೆ ಎಡಕ್ಕೆ. ಇನ್ನೊಂದು ಎಡಕ್ಕೆ ಮನೆ ಬಂತು. ಪ್ರತಿ ತಿರುವಿನಲ್ಲೂ ಹಾರ್ನ್ ಹೊಡೆದು ತೋರಿಸುತ್ತೇನೆ."

"ಅವರು ಬಲಕ್ಕೆ ತಿರುಗಿಸು ಅಂದರೆ?" ಎಂದ ಕಿಟ್ಟಿ.

"ಒನ್ ವೇ ಅಂತೀನಿ."